36 ಸೆಕೆಂಡಿನ ಜಗಳಕ್ಕೆ 70 ದಿನ: ನಮ್ಮ ಡಿ ಅಂಡ್ ಡಿ ಆಟದ ಒಂದು ಪ್ರಕರಣ ಅಧ್ಯಯನ

2023ರ ಸೆಪ್ಟೆಂಬರ್ 9, ಶನಿವಾರ, ರಾತ್ರಿ 10:40. ಬನಶಂಕರಿಯ ನಮ್ಮ ಮನೆಯ ಊಟದ ಟೇಬಲ್ ಮೇಲೆ ಒಂದು ಹಾಳುಕೋಟೆಯ ನಕ್ಷೆ. ಅದರ ಮೇಲೆ ಹದಿನೈದು ಚೆಸ್ ಕಾಯಿ, ಪಕ್ಕದಲ್ಲಿ ಖಾಲಿ ಕಾಫಿ ಲೋಟಗಳು. ಜಗಳ ಮೂರು ರೌಂಡ್ ಮುಗಿದಿತ್ತು. ವೈಟ್‌ಫೀಲ್ಡ್‌ಗೆ ವಾಪಸ್ ಹೋಗಬೇಕಾದವನು ಆಗಲೇ ಎರಡು ಸಲ ಗಡಿಯಾರ ನೋಡಿದ್ದ. "ಸರಿ, ಮುಂದಿನ ಶನಿವಾರ ಇಲ್ಲಿಂದಲೇ ಶುರು ಮಾಡೋಣ" ಅಂದೆ. ಯಾವ ಕಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಂಡೆ.

ಅದೇ ಜಗಳದ ನಾಲ್ಕನೇ ರೌಂಡ್ ನಡೆದಿದ್ದು ನವೆಂಬರ್ 18ಕ್ಕೆ.

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರಲ್ಲಿ ಬಂದ 5ನೇ ಆವೃತ್ತಿ. ಅದರಲ್ಲಿ ಒಂದು ರೌಂಡ್ ಅಂದರೆ ಆಟದೊಳಗೆ 6 ಸೆಕೆಂಡ್. ನಮ್ಮ ಜಗಳ ಒಟ್ಟು 6 ರೌಂಡ್ ನಡೆಯಿತು. ಅಂದರೆ ಕತೆಯೊಳಗಿನ 36 ಸೆಕೆಂಡ್ ಮುಗಿಸಲು ನಮಗೆ 70 ದಿನ ಬೇಕಾಯಿತು. ಈ ಲೆಕ್ಕ ಹಾಕಿ ಮೊದಲು ನಕ್ಕೆವು. ಆಮೇಲೆ ಯಾರಿಗೂ ಅಷ್ಟೇನೂ ನಗು ಬರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಡಿಎಂ, ಅಂದರೆ ಡಂಜನ್ ಮಾಸ್ಟರ್, ಇರುತ್ತಾನೆ. ಲೋಕ ಕಟ್ಟುವವನು, ಕತೆ ನಡೆಸುವವನು, ಎದುರಾಳಿಗಳನ್ನೆಲ್ಲ ಆಡಿಸುವವನು ಅವನೇ. ಉಳಿದವರು ಒಂದೊಂದು ಪಾತ್ರ ಹಿಡಿದು "ನಾನು ಹೀಗೆ ಮಾಡ್ತೀನಿ" ಅಂತ ಬಾಯಲ್ಲಿ ಹೇಳುತ್ತಾರೆ, ಅದು ಆಗುತ್ತೋ ಇಲ್ಲವೋ ಅನ್ನುವುದನ್ನು ಡೈಸ್ ತೀರ್ಮಾನಿಸುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಂದು ಸಲ ಕೂತು ಆಡುವುದಕ್ಕೆ ಸೆಷನ್ ಅನ್ನುತ್ತಾರೆ. ಸೆಷನ್‌ಗಳೆಲ್ಲ ಸೇರಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಓಡುವ ಕತೆಗೆ ಕ್ಯಾಂಪೇನ್.

ಈಗ ನಮ್ಮ ಜನ. ಹೆಸರು ಬೇಡ, ಪಾತ್ರದ ಹೆಸರಲ್ಲೇ ಕರೆಯುತ್ತೇನೆ. ಕ್ಲೆರಿಕ್, ಅಂದರೆ ಮಂತ್ರ ಹಾಕಿ ಗಾಯ ವಾಸಿ ಮಾಡುವವನು, ಪುತ್ತೂರಿನವನು, ವೈಟ್‌ಫೀಲ್ಡಲ್ಲಿ ಕೆಲಸ. ಫೈಟರ್ ಆಡುವವರು ಒಬ್ಬ ಡಾಕ್ಟರು. ಅವರ ಡ್ಯೂಟಿ ಪಟ್ಟಿ ತಿಂಗಳ ಕೊನೆಗೆ ಬರುತ್ತದೆ, ಅದಕ್ಕಿಂತ ಮುಂಚೆ ಅವರಿಗೇ ಏನೂ ಗೊತ್ತಿರುವುದಿಲ್ಲ. ರೋಗ್, ಅಂದರೆ ಕಳ್ಳಿ, ನನ್ನ ಚಿಕ್ಕಪ್ಪನ ಮಗಳು. ಅವಳ ಮಗ ಆಗ ಒಂದನೇ ಕ್ಲಾಸು. ವಿಝಾರ್ಡ್, ಅಂದರೆ ಮಂತ್ರವಾದಿ, ಧಾರವಾಡದವನು, ಕಾಲೇಜಿನಿಂದ ಜೊತೆಗಿದ್ದವನು. ಕೊನೆಗೆ ಬಾರ್ಡ್, ಹಾಡುಗಾರ. ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು, ಒಬ್ಬನೇ ರೂಮ್ ಮಾಡಿಕೊಂಡಿದ್ದಾನೆ, ನನ್ನನ್ನು ಇವತ್ತಿಗೂ ಸರ್ ಅನ್ನುವುದು ಬಿಟ್ಟಿಲ್ಲ. ಐದು ಆಟಗಾರರು, ಆರನೆಯವನು ನಾನು, ಡಿಎಂ.

2023ರ ಜೂನ್ 3ಕ್ಕೆ ಶುರು ಮಾಡಿದೆವು. ಪ್ರತಿ ಶನಿವಾರ ಸಂಜೆ 6ಕ್ಕೆ ಅಂತ ಮಾತು. 2024ರ ಜನವರಿ ಕೊನೆಯವರೆಗೆ 35 ಶನಿವಾರ ಬಂದು ಹೋದವು. ನಾವು ಆಡಿದ್ದು 9. ಆರೂ ಜನ ಇದ್ದದ್ದು 4.

ಆ 70 ದಿನದಲ್ಲಿ ಏನಾಯಿತು ಅಂತ ಒಂದೊಂದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಯಾರ ತಪ್ಪೂ ಇಲ್ಲ. ಸೆಪ್ಟೆಂಬರ್ 16ಕ್ಕೆ ಗೌರಿ ಗಣೇಶ ಅಂತ ಅರ್ಧ ಜನ ಊರಿಗೆ ಹೋಗಿದ್ದರು. 23ಕ್ಕೆ ಡಾಕ್ಟರಿಗೆ ಡ್ಯೂಟಿ. 30ಕ್ಕೆ ಗಾಂಧಿ ಜಯಂತಿ ಸೇರಿಸಿ ಲಾಂಗ್ ವೀಕೆಂಡ್. ಅಕ್ಟೋಬರ್ 7ಕ್ಕೆ ನಮ್ಮ ಆಫೀಸಿನಲ್ಲಿ ರಿಲೀಸ್, ನಾನೂ ಬಾರ್ಡೂ ಒಳಗೇ ಸಿಕ್ಕಿಕೊಂಡೆವು. 14ಕ್ಕೆ ಮಹಾಲಯ ಅಮಾವಾಸ್ಯೆ. 21ಕ್ಕೆ ದಸರಾ. 28ಕ್ಕೆ ಎಲ್ಲರೂ ಖಾಲಿ ಇದ್ದರು, ಆದರೆ ಅವತ್ತು ರಾತ್ರಿ ಚಂದ್ರಗ್ರಹಣ, ನಮ್ಮಮ್ಮ ಬೇಗ ಊಟ ಮುಗಿಸಿ ಪಾತ್ರೆಗಳಿಗೆಲ್ಲ ದರ್ಭೆ ಹಾಕಿ ಕೂತಿದ್ದರು, ಆ ಹೊತ್ತಲ್ಲಿ ಊಟದ ಟೇಬಲ್ ಮೇಲೆ ಪಿಶಾಚಿಗಳ ಕೋಟೆ ಹರಡೋಕೆ ನನಗೇ ಧೈರ್ಯ ಬರಲಿಲ್ಲ. ನವೆಂಬರ್ 4ಕ್ಕೆ ಚಿನ್ನಸ್ವಾಮಿಯಲ್ಲಿ ವರ್ಲ್ಡ್ ಕಪ್‌ನ ನ್ಯೂಜಿಲೆಂಡ್ ಪಾಕಿಸ್ತಾನ ಪಂದ್ಯ, ಕ್ಲೆರಿಕ್‌ಗೆ ಟಿಕೆಟ್ ಸಿಕ್ಕಿತ್ತು. 11ಕ್ಕೆ ದೀಪಾವಳಿ. ಇದರ ಮಧ್ಯೆ ವಿಝಾರ್ಡ್ ಕೆಲಸ ಬದಲಿಸಿ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಿಟ್ಟ.

18ಕ್ಕೆ ಅವನು ಅಲ್ಲಿಂದ ವಿಡಿಯೋ ಕಾಲ್‌ನಲ್ಲಿ ಕೂತ. ನಮಗೆ ಸಂಜೆ 6, ಅವನಿಗೆ ಬೆಳಗಿನ ಜಾವ 4:30. ನಾನು ಫೋಟೋ ನೋಡಿ ಕಾಯಿ ಜೋಡಿಸಿದೆ. "ಯಾರ ಸರದಿ?" ಯಾರಿಗೂ ನೆನಪಿಲ್ಲ. "ನಾನು ಫೈರ್‌ಬಾಲ್ ಹಾಕಿದ್ನೋ ಇಲ್ಲೋ?" ಅಂತ ವಿಝಾರ್ಡ್ ಕೇಳಿದ. "ಈ ಕೋಟೆಗೆ ಯಾಕೆ ಬಂದ್ವಿ ಅಣ್ಣ?" ಅಂತ ನನ್ನ ತಂಗಿ ಕೇಳಿದಳು. ಆ ಪ್ರಶ್ನೆಗೆ ನನ್ನ ನೋಟ್‌ಬುಕ್ ತೆಗೆದು ಉತ್ತರ ಹುಡುಕಬೇಕಾಯಿತು.

ಹಾಗೂ ಹೀಗೂ ಜಗಳ ಮುಗಿಸಿದೆವು. ಬೆಳಗಿನ ಜಾವ ಎದ್ದು ವಿಝಾರ್ಡ್ ಆಡಿದ್ದು ಅದೊಂದೇ ಸಲ.

ಇನ್ನು ನಾವು ಮಾಡಿದ ತಪ್ಪು ಉಪಾಯಗಳು. ಮೊದಲನೆಯದು ವಾಟ್ಸಾಪ್ ಪೋಲ್. "ಈ ವಾರ ಯಾರಿಗೆ ಆಗುತ್ತೆ?" ಕೇಳೋಕೆ ಚೆನ್ನಾಗಿದೆ, ಆದರೆ ಪೋಲ್ ಹಾಕಿದ ಕ್ಷಣ ಆಟ ಅನ್ನುವುದು "ನೋಡೋಣ" ಆಗಿಬಿಡುತ್ತದೆ. ಬುಧವಾರ ಹಾಕಿದ ಪೋಲ್‌ಗೆ ಶುಕ್ರವಾರ ರಾತ್ರಿವರೆಗೂ ಇಬ್ಬರು ಉತ್ತರ ಕೊಡುವುದಿಲ್ಲ, ಬೇರೆ ಯಾರು ಏನು ಒತ್ತುತ್ತಾರೆ ಅಂತ ಕಾಯುತ್ತಾರೆ. ಎರಡನೆಯದು ದಂಡ. ಬರದವರು 100 ರೂಪಾಯಿ ಡಬ್ಬಿಗೆ ಹಾಕಬೇಕು. ಇದು ಇನ್ನೂ ಕೆಟ್ಟದಾಯಿತು. ಮುಂಚೆ "ಬರೋಕಾಗಲ್ಲ" ಅನ್ನೋಕೆ ಒಂದು ಸಂಕೋಚ ಇತ್ತು. ದಂಡ ಬಂದ ಮೇಲೆ ಗೂಗಲ್ ಪೇಯಲ್ಲಿ ನೂರು ಹಾಕಿದರೆ ಆಯಿತು, ಸಂಕೋಚವೂ ಇಲ್ಲ. ಮೂರನೆಯದು, ಬಾರದವರ ಪಾತ್ರವನ್ನು ನಾನೇ ಆಡಿಸುವುದು. ಡಾಕ್ಟರು ಇಲ್ಲದ ದಿನ ಅವರ ಫೈಟರ್‌ನನ್ನು ನಾನು ಬಾಗಿಲು ಒಡೆಯಲು ಮುಂದೆ ಕಳಿಸಿದೆ. ಅವನು ಗುಂಡಿಗೆ ಬಿದ್ದು ಸಾಯುವುದರಲ್ಲಿದ್ದ. ಅವರು ಬೇಜಾರನ್ನು ಬಾಯಿಬಿಟ್ಟು ಹೇಳಲಿಲ್ಲ. "ನಾನಾಗಿದ್ರೆ ಮೊದಲು ಕೋಲಲ್ಲಿ ತಟ್ಟಿ ನೋಡ್ತಿದ್ದೆ" ಅಂದರು, ಅಷ್ಟೇ.

ಇಷ್ಟಾದರೂ ನಾನು ಇದನ್ನು ಡೇಟ್ ಸಮಸ್ಯೆ ಅಂತಲೇ ಅಂದುಕೊಂಡಿದ್ದೆ. ಬೆಂಗಳೂರು, ಟ್ರಾಫಿಕ್ಕು, ಮಕ್ಕಳ ಸ್ಕೂಲು, ಇನ್ನೇನು ಮಾಡೋದು ಅಂತ.

ಜನವರಿ ಕೊನೆಗೆ ಬಾರ್ಡ್ ಗ್ರೂಪಿನಲ್ಲಿ ಅಲ್ಲ, ನನಗೊಬ್ಬನಿಗೇ ಮೆಸೇಜ್ ಹಾಕಿದ. "ಸರ್, ಇನ್ನು ಮೇಲೆ ಶನಿವಾರ ಖಾಲಿ ಇಟ್ಕೊಳಲ್ಲ. ಆಟ ಇದ್ದರೆ ಹೇಳಿ, ಆಗೋದಾದ್ರೆ ಬರ್ತೀನಿ." ಅವನು 35 ಶನಿವಾರದಲ್ಲಿ 33 ಶನಿವಾರ ಖಾಲಿ ಇಟ್ಟುಕೊಂಡಿದ್ದ. ಗೆಳೆಯರ ಜೊತೆ ಸ್ಕಂದಗಿರಿ ಹತ್ತೋದು ಬಿಟ್ಟಿದ್ದ, ಊರಿಗೆ ಹೋಗೋದನ್ನು ಮುಂದೆ ಹಾಕಿದ್ದ, ಸಂಜೆ ನಾಲ್ಕಕ್ಕೆ "ಇವತ್ತು ಕ್ಯಾನ್ಸಲ್" ಅನ್ನುವ ಮೆಸೇಜ್ ಓದಿ ರೂಮಿನಲ್ಲಿ ಒಬ್ಬನೇ ಕೂತಿದ್ದ. ಬರಲಾಗದವರ ಕಷ್ಟವನ್ನೇ ನಾವೆಲ್ಲ ಮಾತಾಡುತ್ತಿದ್ದೆವು. ಆರು ಜನರಲ್ಲಿ ಯಾವಾಗಲೂ ಬರುವವನಿಗೆ ಪೂರ್ತಿ ಪೆಟ್ಟು ಬೀಳುತ್ತಿತ್ತು, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತು ನಿಜವಾಗಿ ನಾಚಿಕೆಯಾಯಿತು.

ಆ ರಾತ್ರಿ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತೆ. 9 ಸೆಷನ್‌ನಲ್ಲಿ ಆಟದೊಳಗೆ ಎಷ್ಟು ಕಾಲ ಕಳೆದಿದೆ? ಮೂರು ದಿನ. ಎಂಟು ತಿಂಗಳಲ್ಲಿ ಮೂರು ದಿನ! ಇದಕ್ಕೆ ಕಾರಣ ಆಟದ ಲೆಕ್ಕದಲ್ಲೇ ಇದೆ. 2014ರ ಡಿಎಂ ಕೈಪಿಡಿಯ ಪ್ರಕಾರ ಒಂದು ಪಾರ್ಟಿ, ಅಂದರೆ ಆಟಗಾರರ ಪಾತ್ರಗಳ ಗುಂಪು, ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಷ್ಟದ ಮುಖಾಮುಖಿ ತಡೆದುಕೊಳ್ಳಬಲ್ಲದು. ಆಮೇಲೆ ಎಂಟು ಗಂಟೆಯ ಲಾಂಗ್ ರೆಸ್ಟ್, ಮಂತ್ರ ಶಕ್ತಿ ಎಲ್ಲ ವಾಪಸ್. ನಾನು ಅದನ್ನು ಪಾಠದಂತೆ ಪಾಲಿಸುತ್ತಿದ್ದೆ. ಆದರೆ ನಮ್ಮ ಒಂದು ಸೆಷನ್ನಿಗೆ ಆಗುತ್ತಿದ್ದದ್ದು ಎರಡೇ ಜಗಳ. ಒಬ್ಬೊಬ್ಬರ ಸರದಿಗೆ ಎರಡು ನಿಮಿಷ ಹಿಡಿಯಿರಿ, ಐವರಿಗೆ ಹತ್ತು. ನನ್ನ ರಾಕ್ಷಸರಿಗೆ ಐದು. ಒಂದು ರೌಂಡಿಗೆ ಕಾಲು ಗಂಟೆ. ಆರು ರೌಂಡಿಗೆ ಒಂದೂವರೆ ಗಂಟೆ. ಹಾಗಾಗಿ ಆಟದ ಒಂದು ದಿನ ಮುಗಿಯೋಕೆ ಮೂರು ನಾಲ್ಕು ಸೆಷನ್, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ತಿಂಗಳು. ಮೂರು ತಿಂಗಳ ಹಿಂದೆ ಯಾವ ಮಂತ್ರ ಖರ್ಚು ಮಾಡಿದೆ ಅಂತ ವಿಝಾರ್ಡ್ ನೆನಪಿಟ್ಟುಕೊಳ್ಳಬೇಕು ಅಂದರೆ ಹೇಗೆ?

ಅದಕ್ಕಿಂತ ಮುಖ್ಯವಾದ್ದು ಇನ್ನೊಂದು ಕಂಡಿತು. 9 ಸೆಷನ್‌ನಲ್ಲಿ 7 ನಿಂತಿದ್ದು ಯಾವುದೋ ನಡುವಿನಲ್ಲಿ. ಜಗಳದ ನಡುವೆ, ಸುರಂಗದ ನಡುವೆ, ಮಾತಿನ ನಡುವೆ. ನಡುವೆ ನಿಂತ ಕತೆಗೆ ಮುಂದಿನ ಸಲ ಅದೇ ಐದು ಜನ ಬೇಕೇ ಬೇಕು. ಗುಹೆಯ ಬಾಗಿಲಲ್ಲಿ ಕತ್ತಿ ಹಿಡಿದು ನಿಂತಿದ್ದ ಫೈಟರ್ ಮುಂದಿನ ವಾರ ಎಲ್ಲಿ ಮಾಯವಾದ? ಅವರಿಲ್ಲದೆ ಆಡೋಕೆ ಆಗಲ್ಲ, ಹಾಗಾಗಿ ಮುಂದಕ್ಕೆ. ಮುಂದಕ್ಕೆ ಹಾಕಿದಷ್ಟೂ ಮರೆವು, ಮರೆತಷ್ಟೂ ಉತ್ಸಾಹ ಕಮ್ಮಿ, ಉತ್ಸಾಹ ಕಮ್ಮಿಯಾದಷ್ಟೂ ಮುಂದಿನ ಶನಿವಾರ ಬೇರೆ ಕೆಲಸ. ನಾನು ಕ್ಯಾಲೆಂಡರಿನಲ್ಲಿ ಹುಡುಕುತ್ತಿದ್ದ ಕಾಯಿಲೆ ಕತೆಯ ಓಟದಲ್ಲಿತ್ತು.

ಕ್ಲೆರಿಕ್‌ಗೆ ಫೋನ್ ಮಾಡಿ ಇಷ್ಟೂ ಹೇಳಿಕೊಂಡೆ. ಅವನ ಮನೆಯಲ್ಲಿ ಯಕ್ಷಗಾನದ ಹುಚ್ಚು, ಅವನ ಮಾವ ಹವ್ಯಾಸಿ ತಾಳಮದ್ದಲೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರೆ. ಅವನು ಒಂದು ನಿಮಿಷ ಸುಮ್ಮನಿದ್ದು ಅಂದ: "ನೀನು ಭಾಗವತಿಕೆ ಮಾಡುದೇ ಇಲ್ಲ ಮಾರಾಯ. ಸಭೆಯಲ್ಲಿ ಕೂತವನ ಹಾಗೆ ಕೂತಿದ್ದಿ."

ಘಟ್ಟದ ಮೇಲಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಕ್ಷಗಾನದಲ್ಲಿ ಭಾಗವತರು ಬರೀ ಹಾಡುವವರಲ್ಲ. ಅವರನ್ನು ಒಂದನೇ ವೇಷ ಅನ್ನುತ್ತಾರೆ, ಬಣ್ಣ ಹಚ್ಚದಿದ್ದರೂ. ಮಾತು ಬರೆದಿಟ್ಟಿರುವುದಿಲ್ಲ, ಪಾತ್ರಧಾರಿಗಳು ಅಲ್ಲೇ ಕಟ್ಟಿ ಆಡುತ್ತಾರೆ. ಕರ್ಣನೂ ಶಲ್ಯನೂ ಮಾತಿಗೆ ಮಾತು ಬೆಳೆಸಿ ಎಲ್ಲಿಗೋ ಹೋಗುತ್ತಿದ್ದರೆ, ಸಾಕು ಅನ್ನಿಸಿದಾಗ ಭಾಗವತರು ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಅಲ್ಲಿಗೆ ಮಾತು ನಿಲ್ಲಲೇಬೇಕು. ಮಾತು ಚೆನ್ನಾಗಿ ಏರುತ್ತಿದ್ದರೆ ಕಾಯುತ್ತಾರೆ. ಮುಂಚೆ ಆಟ ಅಂದರೆ ರಾತ್ರಿಯಿಡೀ, ಸೂರ್ಯ ಹುಟ್ಟುವವರೆಗೆ. ಈಗ ಎಷ್ಟೋ ಮೇಳಗಳು ಕಾಲಮಿತಿಯಲ್ಲಿ ಆಡುತ್ತವೆ, ಸಂಜೆ ಶುರುವಾಗಿ ನಡುರಾತ್ರಿಗೆ ಮಂಗಳ. ಪ್ರಸಂಗ ಅದೇ, ಯಾವ ಪದ್ಯ ಬಿಡಬೇಕು ಅನ್ನುವುದು ಭಾಗವತರ ಕೈಯಲ್ಲಿ. ಅಲ್ಲಿಗೂ ಇಲ್ಲಿಗೂ ಇಷ್ಟು ಹೋಲಿಕೆ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ. ಹಗ್ಗ ಕೊಳ್ಳೋಕೆ ಅಂಗಡಿಗೆ ಹೋದ ಪಾರ್ಟಿ ಅಂಗಡಿಯವನ ಜೊತೆ 50 ನಿಮಿಷ ಚೌಕಾಸಿ ಮಾಡಿದಾಗ ನಾನು ಅಂಗಡಿಯವನಾಗಿ ಕೂತು ಮಜಾ ತೆಗೆದುಕೊಂಡಿದ್ದೆ.

ಅವನು ಇನ್ನೊಂದು ಮಾತು ಹೇಳಿದ. ಮೇಳಗಳು ವರ್ಷಪೂರ್ತಿ ತಿರುಗುವುದಿಲ್ಲ. ದೀಪಾವಳಿ ಕಳೆದ ಮೇಲೆ ತಿರುಗಾಟ ಶುರು, ಮೇ ಕೊನೆಗೆ ಬರುವ ಪತ್ತನಾಜೆ ಅನ್ನುವ ದಿನಕ್ಕೆ ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲದಲ್ಲಿ ಚಿಕ್ಕಮೇಳ, ನಾಲ್ಕೈದು ಜನ ಮನೆಮನೆಗೆ ಹೋಗಿ ಸ್ವಲ್ಪ ಹೊತ್ತಿನ ಆಟ ಆಡುತ್ತಾರೆ. "ನಾವೂ ಹಾಗೇ ಮಾಡುವ" ಅಂದ.

ಹಾಗೇ ಮಾಡಿದೆವು.

ಮೊದಲು ದಿನ. ಪೋಲ್ ತೆಗೆದು ಬಿಸಾಕಿದೆವು. ಗೋಡೆಯ ಪಂಚಾಂಗದ ಕ್ಯಾಲೆಂಡರ್ ತೆಗೆದು ಹಬ್ಬ, ಮದುವೆ ಸೀಸನ್, ಮಗುವಿನ ಪರೀಕ್ಷೆ ಎಲ್ಲ ಹೊಡೆದುಹಾಕಿ, ಉಳಿದದ್ದರಲ್ಲಿ ಒಂದು ಬಿಟ್ಟು ಒಂದು ಭಾನುವಾರ ಬೆಳಿಗ್ಗೆ 8ರಿಂದ 11 ಅಂತ ಬರೆದೆವು, ಆನ್‌ಲೈನ್‌ನಲ್ಲೇ. ನಮಗೆ ಭಾನುವಾರ ಬೆಳಿಗ್ಗೆ ಅಂದರೆ ಕ್ಯಾಲಿಫೋರ್ನಿಯಾದವನಿಗೆ ಶನಿವಾರ ಸಂಜೆ. ಬೆಳಿಗ್ಗೆ ಎಂಟಕ್ಕೆ ಯಾರಿಗೂ ಮದುವೆ ಆರತಕ್ಷತೆ ಇರುವುದಿಲ್ಲ, ಕ್ರಿಕೆಟ್ ಕೂಡ ಕಮ್ಮಿ. ನನ್ನ ತಂಗಿಯ ಮಗ ಆ ಹೊತ್ತಲ್ಲಿ ಕಾರ್ಟೂನ್ ಮುಂದೆ. 2024ರ ಫೆಬ್ರವರಿ 11ರಿಂದ ಮೇ 19ರವರೆಗೆ ಎಂಟು ದಿನ ಸಿಕ್ಕಿತು, ಅದೇ ನಮ್ಮ ಮೊದಲ ತಿರುಗಾಟ. ಎಂಟೂ ಮೊದಲೇ ಎಲ್ಲರ ಫೋನಿಗೆ ಹೋಯಿತು.

ಎರಡನೆಯದು, ಮೂವರು ಇದ್ದರೆ ಆಟ ಇದೆ. ಇದಕ್ಕೆ ನಾನೊಂದು ಲೆಕ್ಕ ಹಾಕಿ ಗ್ರೂಪಿಗೆ ಹಾಕಿದ್ದೆ. ಒಬ್ಬೊಬ್ಬರೂ ನೂರಕ್ಕೆ 85 ಸಲ ಬರುತ್ತಾರೆ ಅಂದುಕೊಳ್ಳಿ, ಅದೇನು ಕಮ್ಮಿ ಅಲ್ಲ. ಆರೂ ಜನ ಒಟ್ಟಿಗೆ ಸೇರುವ ಸಾಧ್ಯತೆ 0.85ನ್ನು ಆರು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 38. ಐವರಲ್ಲಿ ಮೂವರು ಸಾಕು ಅಂದರೆ ಅದು 97ಕ್ಕೆ ಏರುತ್ತದೆ. ಅದೇ ಜನ, ಅದೇ ತೊಂದರೆ, ಬರೀ ನಿಯಮ ಬೇರೆ. ಡಾಕ್ಟರು ತಕ್ಷಣ ಕೇಳಿದರು, "ಡಿಎಂ ಬರ್ದೇ ಇದ್ರೆ?" ನನ್ನನ್ನೂ 85ಕ್ಕೆ ಹಿಡಿದರೆ 97 ಇದ್ದದ್ದು 83ಕ್ಕೆ ಇಳಿಯುತ್ತದೆ. ಅಂದರೆ ದೊಡ್ಡ ಅಡ್ಡಿ ನಾನೇ. ಅದಕ್ಕೇ ಮಳೆಗಾಲದ ಚಿಕ್ಕಮೇಳವನ್ನು, ಅಂದರೆ ಒಂದೇ ಸಲಕ್ಕೆ ಮುಗಿಯುವ ಒನ್‌ಶಾಟ್ ಆಟಗಳನ್ನು, ಬೇರೆಯವರು ನಡೆಸುವುದು ಅಂತಾಯಿತು. ಈ ಲೆಕ್ಕದಲ್ಲಿ ಒಂದು ಮೋಸವೂ ಇದೆ. ಒಬ್ಬರು ಬಾರದ್ದಕ್ಕೂ ಇನ್ನೊಬ್ಬರು ಬಾರದ್ದಕ್ಕೂ ಸಂಬಂಧ ಇಲ್ಲ ಅಂತ ಅದು ನಂಬುತ್ತದೆ. ಹಬ್ಬಕ್ಕೆ ಎಲ್ಲರೂ ಒಟ್ಟಿಗೇ ಊರಿಗೆ ಹೋಗುತ್ತಾರಲ್ವಾ. ಪಂಚಾಂಗ ಮೊದಲು ನೋಡಬೇಕು ಅನ್ನುವುದು ಅದಕ್ಕೇ.

ಮೂರನೆಯದೇ ನಿಜವಾದ ಬದಲಾವಣೆ, ಬಾಕಿ ಎರಡೂ ಇದರ ಮೇಲೆ ನಿಂತಿವೆ. ಪ್ರತಿ ಸೆಷನ್ ಕತೆಯಲ್ಲಿ ಘಾಟಿ ಕೆಳಗಿರುವ ಸಂತೆಯ ಊರಲ್ಲಿ ಶುರುವಾಗಬೇಕು, ಅದೇ ಊರಲ್ಲಿ ಮುಗಿಯಬೇಕು. ಇದು ನನ್ನ ಸ್ವಂತ ಬುದ್ಧಿ ಅಲ್ಲ. ಅಮೆರಿಕದ ಬೆನ್ ರಾಬಿನ್ಸ್ ಅನ್ನುವವರು ತಮ್ಮ ವೆಸ್ಟ್ ಮಾರ್ಚಸ್ ಅನ್ನುವ ಕ್ಯಾಂಪೇನ್ ಬಗ್ಗೆ 2007ರಲ್ಲಿ ಬರೆದಿದ್ದರು. ಅದರಲ್ಲಿ ನಿಗದಿಯಾದ ದಿನ ಇಲ್ಲ, ನಿಗದಿಯಾದ ಪಾರ್ಟಿ ಇಲ್ಲ, ಮೊದಲೇ ಹೆಣೆದ ಕತೆ ಇಲ್ಲ. ಹತ್ತರಿಂದ ಹದಿನಾಲ್ಕು ಆಟಗಾರರ ಬಳಗದಲ್ಲಿ ಯಾರಿಗೆ ಬಿಡುವೋ ಅವರೇ ಸೇರಿ ದಿನವನ್ನೂ ಹೋಗುವ ಜಾಗವನ್ನೂ ತೀರ್ಮಾನಿಸುತ್ತಾರೆ, ಹೋಗಿ ಊರಿಗೆ ವಾಪಸ್ ಬರುತ್ತಾರೆ. ನಮ್ಮದು ಐದೇ ಜನ, ಹಾಗಾಗಿ ಪೂರ್ತಿ ತೆಗೆದುಕೊಳ್ಳಲಿಲ್ಲ, ದಿನ ನಿಗದಿ ಮಾಡಿದೆವು. ಊರಿಗೆ ವಾಪಸ್ ಬರುವುದನ್ನು ಮಾತ್ರ ಎತ್ತಿಕೊಂಡೆವು. ಇವತ್ತು ಡಾಕ್ಟರು ಇಲ್ಲವೇ? ಫೈಟರ್ ಸಂತೆಯಲ್ಲಿ ಕುದುರೆ ಲಾಳ ಹೊಡೆಸುತ್ತಿದ್ದಾನೆ. ಮುಗೀತು.

ಇದರಿಂದ ನನ್ನ ತಯಾರಿ ಪೂರ್ತಿ ಬದಲಾಯಿತು. ಮುಂಚೆ ಇಪ್ಪತ್ತು ಕೋಣೆಯ ಕೋಟೆ ಬರೆಯುತ್ತಿದ್ದೆ. ಈಗ ಒಂದು ಚೀಟಿಯಲ್ಲಿ ಒಂದೇ ಪ್ರಶ್ನೆ. ಮೆಣಸಿನ ಮೂಟೆ ಹೊತ್ತ ಎತ್ತುಗಳು ಘಾಟಿಯ ಮೂರನೇ ತಿರುವಲ್ಲಿ ಯಾಕೆ ನಿಂತುಬಿಡುತ್ತವೆ? ಸೆಷನ್ ಮುಗಿಯುವಾಗ ಮುಂದಿನ ಸಲ ಎಲ್ಲಿಗೆ ಅಂತ ಆಟಗಾರರೇ ಹೇಳಬೇಕು, ನಾನು ಅದೊಂದನ್ನೇ ತಯಾರು ಮಾಡುತ್ತೇನೆ. 8ರಿಂದ 8:15 ಕಾಫಿ, ಹರಟೆ. ಆಮೇಲೆ ಊರು ಬಿಡಬೇಕು. 9ರ ಒಳಗೆ ಏನಾದರೂ ಕೆಟ್ಟದ್ದು ಆಗಬೇಕು. 10:30ಕ್ಕೆ ನಾನು ದೇವರ ಮನೆಯ ಗಂಟೆ ಬಾರಿಸುತ್ತೇನೆ, ಅಂದರೆ ಇನ್ನು ವಾಪಸ್ ದಾರಿ ನೋಡಿ ಅಂತ. 10:45ಕ್ಕೂ ಗುಹೆಯೊಳಗೇ ಇದ್ದರೆ ಒಬ್ಬೊಬ್ಬರೂ ಆರು ಮುಖದ ಡೈಸ್ ಹಾಕಬೇಕು. 1 ಬಿದ್ದರೆ ಬೆಲೆಬಾಳುವ ಒಂದು ವಸ್ತು ಕಳೆದುಕೊಂಡು, 2 ಬಿದ್ದರೆ ಗಾಯ ಮಾಡಿಕೊಂಡು ಊರು ಸೇರುತ್ತಾರೆ, ಅದಕ್ಕಿಂತ ಜಾಸ್ತಿ ಬಿದ್ದರೆ ಬಚಾವ್. ಈ ಡೈಸಿನ ಭಯ ಎಷ್ಟಿದೆ ಅಂದರೆ ನಮ್ಮ ಕಳ್ಳಿ 10:30ಕ್ಕೆ ನಿಧಿಯ ಪೆಟ್ಟಿಗೆ ಕಣ್ಣೆದುರು ಇದ್ದರೂ ಬಿಟ್ಟು ಓಡಿದ್ದಾಳೆ.

ಜಗಳ ಕಮ್ಮಿ ಮಾಡಲಿಲ್ಲ, ಜಗಳದ ಬಾಲ ಕತ್ತರಿಸಿದೆ. ಯಾವ ಜಗಳವೂ ಬೇಜಾರಾಗುವುದು ಕೊನೆಯ ಎರಡು ರೌಂಡಿನಲ್ಲಿ, ಗೆದ್ದಾಗಿದೆ ಅಂತ ಎಲ್ಲರಿಗೂ ಗೊತ್ತು, ಆದರೂ ಉಳಿದ ಮೂರು ಪಿಶಾಚಿಗಳನ್ನು ಒಂದೊಂದಾಗಿ ಹೊಡೆಯುತ್ತಾ ಕೂತಿರುತ್ತೇವೆ. 1981ರ ಬೇಸಿಕ್ ಆವೃತ್ತಿಯಲ್ಲಿ ಇದಕ್ಕೆ ಮೊರೇಲ್ ಅಂತ ಒಂದು ಸುಲಭ ನಿಯಮ ಇತ್ತು. ಎದುರಾಳಿಗೆ 2ರಿಂದ 12ರೊಳಗೆ ಒಂದು ಧೈರ್ಯದ ಸಂಖ್ಯೆ. ಎರಡು ಡೈಸ್ ಹಾಕಿ, ಅದಕ್ಕಿಂತ ಜಾಸ್ತಿ ಬಿದ್ದರೆ ಅವರು ಓಡಿಹೋಗುತ್ತಾರೆ ಅಥವಾ ಶರಣಾಗುತ್ತಾರೆ. ಅದನ್ನು ತಂದು ಸೇರಿಸಿದೆ. ಆರು ರೌಂಡಿನ ಜಗಳ ಮೂರು ನಾಲ್ಕಕ್ಕೆ ಇಳಿಯಿತು. ಓಡಿಹೋದವರು ಮುಂದಿನ ಸಲ ಸಂತೆಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದರು, ಅದು ಲೆಕ್ಕಕ್ಕೆ ಸಿಗದ ಲಾಭ.

ಕಾಲದ ಲೆಕ್ಕಕ್ಕೆ ಇನ್ನೂ ಹಳೆಯ ಉಪಾಯ ಸಿಕ್ಕಿತು. ಗೈಗ್ಯಾಕ್ಸ್ 1979ರ ಡಿಎಂ ಕೈಪಿಡಿಯಲ್ಲಿ, ಆಟ ನಡೆಯದ ದಿನಗಳಲ್ಲಿ ಹೊರಗಿನ ಒಂದು ದಿನಕ್ಕೆ ಒಳಗೂ ಒಂದು ದಿನ ಅಂತ ಹಿಡಿಯುವುದು ಒಳ್ಳೆಯದು ಅಂದಿದ್ದಾರೆ. ನಾವೂ ಹಾಗೇ ಹಿಡಿದೆವು. ಎರಡು ವಾರ ಬಿಟ್ಟು ಕೂತರೆ ಊರಲ್ಲೂ ಎರಡು ವಾರ ಕಳೆದಿದೆ, ಗಾಯ ಮಾಗಿದೆ, ಮಂತ್ರಗಳೆಲ್ಲ ವಾಪಸ್ ಬಂದಿವೆ. ಯಾರೂ ಏನೂ ನೆನಪಿಟ್ಟುಕೊಳ್ಳಬೇಕಿಲ್ಲ. ಜೊತೆಗೆ ಲೋಕಕ್ಕೆ ಋತು ಬಂತು. ಕತೆಯಲ್ಲಿ ಮೊದಲ ಸಲ ಮಳೆ ಬಿತ್ತು, ಘಾಟಿ ದಾರಿ ಮುಚ್ಚಿತು. ಎಂಟು ತಿಂಗಳು ಮೂರು ದಿನದಲ್ಲಿ ಸಿಕ್ಕಿಕೊಂಡಿದ್ದವರಿಗೆ ಇದು ದೊಡ್ಡ ವಿಷಯ.

ಇದಕ್ಕೊಂದು ಬೆಲೆ ತೆತ್ತೆವು. ಪ್ರತಿ ಸಲ ಪೂರ್ತಿ ಶಕ್ತಿಯಲ್ಲಿ ಶುರು ಮಾಡಿ ಎರಡೇ ಜಗಳ ಆಡಿದರೆ ವಿಝಾರ್ಡ್ ಕೈಯಲ್ಲಿರುವುದನ್ನೆಲ್ಲ ಸುರಿದುಬಿಡುತ್ತಾನೆ. ದಿನಪೂರ್ತಿ ತಡೆದು ನಿಲ್ಲುವುದೇ ಫೈಟರ್‌ನ ಶಕ್ತಿ, ಅದಕ್ಕೆ ಬೆಲೆ ಇಲ್ಲದಾಯಿತು. ಡಾಕ್ಟರು ಎರಡು ಸೆಷನ್ ನೋಡಿ, "ನಾನು ಬರೀ ಬಾಗಿಲು ಕಾಯೋ ವಾಚ್‌ಮನ್ ಆಗಿದೀನಿ" ಅಂದರು. ಜಗಳಗಳನ್ನು ಇನ್ನಷ್ಟು ಕಷ್ಟ ಮಾಡಿ, ಮಂತ್ರಕ್ಕೆ ಬಗ್ಗದ ಎದುರಾಳಿಗಳನ್ನು ತಂದು ಸ್ವಲ್ಪ ಸರಿ ಮಾಡಿದೆ. ಪೂರ್ತಿ ಸರಿಯಾಗಿಲ್ಲ.

ಲೆವೆಲ್, ಅಂದರೆ ಆಡುತ್ತಾ ಹೋದಂತೆ ಏರುವ ಪಾತ್ರದ ಶಕ್ತಿಯ ಮಟ್ಟ, ಅದರ ವಿಷಯಕ್ಕೂ ಒಂದು ಸಣ್ಣ ಜಟಾಪಟಿ ಆಯಿತು. ಬಾರದವರಿಗೂ ಅದೇ ಲೆವೆಲ್ಲಾ? ನಾನು ಹೌದು ಅಂದೆ. ಮೂವರು ಮುಂದೆ, ಇಬ್ಬರು ಹಿಂದೆ ಆದರೆ ಬರದವರು ಇನ್ನೂ ಬರುವುದಿಲ್ಲ. ಆದರೆ ಬಾರ್ಡ್ ಮೆಸೇಜ್ ನನ್ನ ತಲೆಯಲ್ಲಿತ್ತು. ಹಾಗಾಗಿ ಆ ದಿನ ಇದ್ದವರು ನಕ್ಷೆಯಲ್ಲಿ ಒಂದು ಜಾಗಕ್ಕೆ ಹೆಸರಿಡಬಹುದು ಅಂತ ಮಾಡಿದೆ. ಈಗ ನಮ್ಮ ನಕ್ಷೆಯಲ್ಲಿ ಒಂದು ಜಲಪಾತ, ಎರಡು ಸೇತುವೆ, ಒಂದು ಹೋಟೆಲು ಅವನ ಊರಿನ ನಾಯಿಯ ಹೆಸರಲ್ಲಿವೆ.

ಮೊದಲ ತಿರುಗಾಟದ ಎಂಟರಲ್ಲಿ ಏಳು ಆಡಿದೆವು. ಯುಗಾದಿಯ ಹಿಂದಿನ ಭಾನುವಾರ ಒಂದು ತಪ್ಪಿತು, ಪಂಚಾಂಗ ನೋಡಿದ್ದೂ ನಾನೇ, ಅದನ್ನು ಹೊಡೆದುಹಾಕಲು ಮರೆತಿದ್ದೂ ನಾನೇ. ಐವರೂ ಇದ್ದದ್ದು ಎರಡೇ ಸಲ. ಎಲ್ಲರೂ ಬೇಕೇ ಬೇಕು ಅಂದಿದ್ದರೆ ಈ ಏಳರಲ್ಲಿ ಐದು ಕ್ಯಾನ್ಸಲ್ ಆಗುತ್ತಿದ್ದವು.

ಕ್ಯಾಲಿಫೋರ್ನಿಯಾ ಗಡಿಯಾರ ಮಾತ್ರ ಎರಡು ಸಲ ಆಟ ಆಡಿಸಿತು. ಅಲ್ಲಿ ಮಾರ್ಚಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ವಾಪಸ್ ಬರುತ್ತದೆ. ನಮ್ಮ ಎಂಟು ಗಂಟೆ ಚಳಿಗಾಲದಲ್ಲಿ ಅವನಿಗೆ ಸಂಜೆ 6:30, ಬೇಸಿಗೆಯಲ್ಲಿ 7:30. ಮಾರ್ಚ್ 24ಕ್ಕೆ ಅವನು ಹಳೆಯ 6:30ಕ್ಕೇ ಬಂದು ಒಂದು ಗಂಟೆ ಒಬ್ಬನೇ ಕೂತು, "ಯಾರೂ ಇಲ್ಲೇನ್ರಪಾ?" ಅಂತ ಐದು ಮೆಸೇಜ್ ಹಾಕಿದ್ದ. ನವೆಂಬರ್ 10ಕ್ಕೆ ಉಲ್ಟಾ, ನಾವು ಕೂತು ಒಂದು ಗಂಟೆಯಾದ ಮೇಲೆ ಬಂದ. ಕ್ಯಾಲೆಂಡರಿನಲ್ಲಿ ಭಾರತದ ಸಮಯ ಅಂತಲೇ ಗುರುತು ಮಾಡಿ ಆಹ್ವಾನ ಕಳಿಸಿದ್ದರೆ ಇದೆಲ್ಲ ಇರುತ್ತಿರಲಿಲ್ಲ, ಅದು ನಮಗೆ ಹೊಳೆದದ್ದು ಎರಡನೇ ಸಲದ ನಂತರ.

ಎರಡನೇ ತಿರುಗಾಟದಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಹೇಳದೆ ಈ ಬರಹ ಮುಗಿಸಿದರೆ ಸುಳ್ಳಾಗುತ್ತದೆ. ಡಿಸೆಂಬರ್ 8ಕ್ಕೆ ಬಾರ್ಡ್‌ನ ಪಾತ್ರಕ್ಕೆ ಘಾಟಿ ಮೇಲಿನ ಮಠವೊಂದರಲ್ಲಿ ಅವನ ತಾಯಿ ಸಿಕ್ಕಳು. ಒಂದೂವರೆ ವರ್ಷದಿಂದ ಅವನು ಕಾಯುತ್ತಿದ್ದ ದೃಶ್ಯ ಅದು. ಯಾಕೆ ಬಿಟ್ಟುಹೋದೆ ಅಂತ ಕೇಳಿದ. ನಾನು ತಾಯಿಯಾಗಿ ಉತ್ತರ ಶುರು ಮಾಡಿದೆ. ಎಲ್ಲರೂ ಮೈಕ್ ಮ್ಯೂಟ್ ಮಾಡಿಕೊಂಡು ಕೇಳುತ್ತಿದ್ದರು. 10:30 ಆಯಿತು. ನಾನು ಗಂಟೆ ಬಾರಿಸಿದೆ.

ದೃಶ್ಯ ಅಲ್ಲೇ ಸತ್ತಿತು. ಎರಡು ವಾರದ ನಂತರ ಮುಂದುವರಿಸಲು ನೋಡಿದೆವು, ಇಬ್ಬರಿಗೂ ಆ ದನಿ ಸಿಗಲಿಲ್ಲ. ಅವನು ಏನೂ ಅನ್ನಲಿಲ್ಲ. ಕ್ಲೆರಿಕ್ ಅಂದ, "ಭಾಗವತರು ಪದ ಬೇಗ ಎತ್ತಿದ್ರು." ಊರಿಂದ ಊರಿಗೆ ಅನ್ನುವ ಓಟದಲ್ಲಿ ನಾವು ಕಳೆದುಕೊಂಡದ್ದು ಇದೇ, ಸುಮ್ನೆ ಕೂತು ಬೆಳೆಯುವ ಮಾತು. ಹಗ್ಗದ ಅಂಗಡಿಯ ಆ 50 ನಿಮಿಷ ಕೂಡ ನೆನಪಿಸಿಕೊಂಡರೆ ಅಷ್ಟೇನೂ ದಂಡವಾಗಿರಲಿಲ್ಲ.

ಅದಕ್ಕೇ ತಿರುಗಾಟಕ್ಕೊಂದು ರಾತ್ರಿಯಿಡೀ ಆಟ ಇಟ್ಟೆವು, ಗಂಟೆ ಇಲ್ಲದ್ದು, ಎದುರು ಬದುರು ಕೂತು. 2024ರ ಡಿಸೆಂಬರ್ 28, ಶನಿವಾರ. ವಿಝಾರ್ಡ್ ರಜೆಗೆ ಧಾರವಾಡಕ್ಕೆ ಬಂದಿದ್ದ, ಪೇಡೆ ಡಬ್ಬಿ ಹಿಡಿದು ಬಂದ.  ಡಾಕ್ಟರು ಡ್ಯೂಟಿ ಮುಗಿಸಿ 11:30ಕ್ಕೆ ಬಂದರು, ಮೂರು ಗಂಟೆಗೆ ಸೋಫಾ ಮೇಲೆ ನಿದ್ದೆ ಹೋದರು. ಕತೆಯಲ್ಲೂ ಫೈಟರ್ ಬಾಗಿಲಿಗೆ ಒರಗಿ ನಿದ್ದೆ ಮಾಡಿದ ಅಂತ ಬರೆದುಕೊಂಡೆ. ತಾಯಿಯ ದೃಶ್ಯ ಮತ್ತೆ ಬಂತು. ಈ ಸಲ ನಾನು ಗಡಿಯಾರ ನೋಡಲಿಲ್ಲ. ನಲವತ್ತು ನಿಮಿಷ ಹೋಯಿತು ಅಂತ ಆಮೇಲೆ ತಂಗಿ ಹೇಳಿದಳು.

ಬೆಳಿಗ್ಗೆ ಐದಕ್ಕೆ ಮಠದ ಅಂಗಳದಲ್ಲಿ ಜಗಳ ಶುರುವಾಗಿ ಎರಡು ರೌಂಡ್ ಆಗಿತ್ತು. ಹಾಲಿನವನು ಬೆಲ್ ಮಾಡಿದ. ಅಮ್ಮ ಎದ್ದು ಬಂದು ಟೇಬಲ್ ನೋಡಿ, "ಇನ್ನೂ ಮುಗ್ದಿಲ್ವೇನ್ರೋ?" ಅಂದರು. ನಾನು ಮೊಬೈಲ್ ತೆಗೆದು ಕಾಯಿಗಳ ಫೋಟೋ ಹೊಡೆದೆ. ಬಾರ್ಡ್ ನನ್ನ ಮುಖ ನೋಡಿದ.

ಮೂರನೇ ರೌಂಡ್ ಜನವರಿ 5ಕ್ಕೆ ನಡೆಯಿತು, ಬೆಳಿಗ್ಗೆ ಎಂಟಕ್ಕೆ. ವಿಝಾರ್ಡ್ ಆಗ ವಾಪಸ್ ವಿಮಾನದಲ್ಲಿದ್ದ, ಹಾಗಾಗಿ ಅವನ ಪಾತ್ರ ಮಠದ ಹಿತ್ತಲಲ್ಲಿ ಜ್ವರ ಬಂದು ಮಲಗಿತ್ತು. ಯಾರ ಸರದಿ ಅಂತ ನಾನು ಕೇಳುವ ಮೊದಲೇ ಕಳ್ಳಿ ಡೈಸ್ ಹಾಕಿಬಿಟ್ಟಿದ್ದಳು.